ಒಂದೇ ನೆಲ, ಎರಡು ನಂಬರು

ಅಮೆರಿಕದ ಜನಗಣತಿ ಇಡೀ ದೇಶವನ್ನು ಅಂಕಿಗಳಲ್ಲಿ ಹಂಚಿಟ್ಟಿದೆ. ಆ ಅಂಕಿಗಳಲ್ಲಿ ಮೊದಲು ಯಾವುದು ಬರಬೇಕು ಎಂಬ ಸಣ್ಣ ಪ್ರಶ್ನೆಯೊಳಗೆ ಮೂಲನಿವಾಸಿಗಳ ನೆಲದ ದೊಡ್ಡ ತಕರಾರು ಕೂತಿದೆ.

ಅಮೆರಿಕದ ಜನಗಣತಿ ಬಳಸುವ ರಾಜ್ಯಗಳ ಪಟ್ಟಿಯಲ್ಲಿ ಮೂರನೆಯ ಸಾಲಿಗೇ ಒಂದು ಅಂಕಿ ಕಾಣೆ. ಅಲಬಾಮಾ 01, ಅಲಾಸ್ಕಾ 02, ಆಮೇಲೆ ಸೀದಾ ಅರಿಜೋನಾ 04. ಕ್ಯಾಲಿಫೋರ್ನಿಯಾ 06 ಆದರೆ ಕೊಲರಾಡೊ 08. ಇದು ಅಚ್ಚಿನ ದೋಷವಲ್ಲ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಂಬರು ಕೊಡುವಾಗ 03ನ್ನು ಅಮೆರಿಕನ್ ಸಮೋವಾ ದ್ವೀಪಗಳಿಗೆ, 07ನ್ನು ಪನಾಮಾ ಕಾಲುವೆ ವಲಯಕ್ಕೆ, 14ನ್ನು ಗುವಾಮ್‌ಗೆ, 43ನ್ನು ಪೋರ್ಟೊರಿಕೊಗೆ ಕಾದಿರಿಸಿದ್ದರು. ಆದರೆ ಬಳಕೆಯಲ್ಲಿ ಆ ದ್ವೀಪಗಳಿಗೆ ಸಿಕ್ಕಿದ್ದು ಪಟ್ಟಿಯ ಬಾಲದ 60, 66, 72. ರಾಜ್ಯದ ಸ್ಥಾನಮಾನ ಇಲ್ಲದವರಿಗೆ ರಾಜ್ಯಗಳ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ, ಅಷ್ಟೆ.

ನಮ್ಮ ಜನಗಣತಿಯ ರಾಜ್ಯಸಂಖ್ಯೆ ಜಮ್ಮು-ಕಾಶ್ಮೀರದಿಂದ ಶುರುವಾಗಿ ದಕ್ಷಿಣಕ್ಕೆ ಇಳಿಯುತ್ತದೆ. ಕರ್ನಾಟಕದ ಪಾಲಿಗೆ ಬಂದದ್ದು 29. ಬೆಂಗಳೂರಿನ ಯಾವುದೇ ಅಂಗಡಿಯ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿ ಅದೇ. ಜನರನ್ನು ಎಣಿಸಲೆಂದು ಹುಟ್ಟಿದ ನಂಬರು ತೆರಿಗೆಗೂ ನಕ್ಷೆಗೂ ಅನುದಾನಕ್ಕೂ ಹಬ್ಬುವುದು ಎಲ್ಲ ಕಡೆ ನಡೆಯುವ ಕಥೆ. ಆದ್ದರಿಂದಲೇ ಅದನ್ನು ಯಾರು, ಹೇಗೆ ಕೊಟ್ಟರು ಎಂಬುದನ್ನು ಕೊಂಚ ಬಿಡಿಸಿ ನೋಡಬೇಕು.

ಹದಿನೈದು ಅಂಕಿಗಳ ವಿಳಾಸ

ರಾಜ್ಯದ ಎರಡು ಅಂಕಿಯ ನಂತರ ಕೌಂಟಿಗೆ ಮೂರು ಅಂಕಿ. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ. ಅರಿಜೋನಾದಲ್ಲಿ ಅಪಾಚೆ ಕೌಂಟಿ 001, ಕೊಚೀಸ್ 003, ಕೊಕೊನೀನೊ 005. ಬೆಸ ಸಂಖ್ಯೆಗಳನ್ನಷ್ಟೇ ಹಂಚಿ ಸಮಸಂಖ್ಯೆಗಳನ್ನು ಖಾಲಿ ಬಿಟ್ಟದ್ದು ಮುಂದಾಲೋಚನೆಯಿಂದ. 1983ರಲ್ಲಿ ಲಾ ಪಾಜ್ ಎಂಬ ಹೊಸ ಕೌಂಟಿ ಹುಟ್ಟಿದಾಗ ಗ್ರೀನ್‌ಲೀಯ 011 ಮತ್ತು ಮ್ಯಾರಿಕೋಪಾದ 013ರ ನಡುವೆ 012 ಎಂದು ಅದನ್ನು ಸಲೀಸಾಗಿ ತೂರಿಸಿದರು. ಉಳಿದವರ ನಂಬರು ಕದಲಲಿಲ್ಲ.

ಕೌಂಟಿಯೊಳಗೆ ಟ್ರ್ಯಾಕ್ಟ್. ಇದು ಯಾವ ಆಡಳಿತದ ಘಟಕವೂ ಅಲ್ಲ, ಎಣಿಕೆಗೆಂದೇ ಎಳೆದ ಗೆರೆ. ನ್ಯೂಯಾರ್ಕ್‌ನ ಚರ್ಚುಗಳ ಒಕ್ಕೂಟದಲ್ಲಿದ್ದ ವಾಲ್ಟರ್ ಲೇಡ್‌ಲಾ 1906ರಲ್ಲಿ ಇದನ್ನು ಸೂಚಿಸಿದರು. ಚುನಾವಣೆಗೆಂದು ವಾರ್ಡುಗಳ ಗಡಿ ಆಗಾಗ ಬದಲಾಗುತ್ತಿತ್ತು. ಹತ್ತು ವರ್ಷದ ಹಿಂದಿನ ಅಂಕಿಯ ಪಕ್ಕ ಇಂದಿನದನ್ನಿಟ್ಟು ನೋಡುವುದು ಆಗದ ಮಾತಾಗಿತ್ತು. 1910ರ ಗಣತಿಯಲ್ಲಿ ನ್ಯೂಯಾರ್ಕ್ ಸೇರಿ ಎಂಟು ನಗರಗಳಿಗೆ ಟ್ರ್ಯಾಕ್ಟ್ ಬಂತು. ಇಂದು ಇಡೀ ದೇಶದಲ್ಲಿ 84 ಸಾವಿರಕ್ಕೂ ಹೆಚ್ಚು ಟ್ರ್ಯಾಕ್ಟುಗಳಿವೆ. ಒಂದೊಂದರಲ್ಲಿ 1,200ರಿಂದ 8,000 ಜನ ಇರಬೇಕು, 4,000 ಇದ್ದರೆ ಹದ. ಜನ ಹೆಚ್ಚಾದರೆ ಟ್ರ್ಯಾಕ್ಟನ್ನು ಸೀಳುತ್ತಾರೆ. ಮೂಲದ ನಾಲ್ಕಂಕಿ ಉಳಿದು ಕೊನೆಗೆ 01, 02 ಎಂದು ಸೇರುತ್ತದೆ. ಹೀಗೆ ಟ್ರ್ಯಾಕ್ಟಿಗೆ ಒಟ್ಟು ಆರು ಅಂಕಿ.

ಅದರೊಳಗೆ ನಾಲ್ಕಂಕಿಯ ಬ್ಲಾಕ್. ರಸ್ತೆ, ಹೊಳೆ, ರೈಲು ಹಳಿ, ಊರಿನ ಎಲ್ಲೆ, ಇವುಗಳ ನಡುವೆ ಸಿಕ್ಕುವ ತುಣುಕು. ಬ್ಲಾಕಿನ ಮೊದಲ ಅಂಕಿಯೇ ಬ್ಲಾಕ್ ಗುಂಪಿನ ಗುರುತು. 2014 ಎಂಬ ಬ್ಲಾಕ್ ಎರಡನೆಯ ಗುಂಪಿಗೆ ಸೇರಿದ್ದೆಂದು ಯಾರನ್ನೂ ಕೇಳದೆ ಹೇಳಬಹುದು. ಎರಡು, ಮೂರು, ಆರು, ನಾಲ್ಕು ಕೂಡಿದರೆ ಹದಿನೈದು. 80 ಲಕ್ಷಕ್ಕೂ ಮಿಕ್ಕ ಬ್ಲಾಕುಗಳಿಗೆ ಇಂಥದೊಂದು ಸಂಖ್ಯೆ ಇದೆ, ಒಂದರ ಸಂಖ್ಯೆ ಇನ್ನೊಂದಕ್ಕಿಲ್ಲ.

ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಅದರ ಪ್ರತಿ ಹಂತವೂ ರಾಜ್ಯದ ಹೊಟ್ಟೆಯೊಳಗೇ ಇದೆ. ರಾಜ್ಯದ ಗಡಿಯನ್ನೇ ಒಪ್ಪದ ನೆಲವನ್ನು ಇದರಲ್ಲಿ ಎಲ್ಲಿಡುವುದು?

ರಾಜ್ಯಕ್ಕಿಂತ ಹಳೆಯ ಗಡಿ

ನವಾಹೊ ಜನಾಂಗದ ರಿಸರ್ವೇಶನ್, ಅಂದರೆ ಆ ಬುಡಕಟ್ಟಿಗೆಂದು ಮೀಸಲಿಟ್ಟ ನೆಲ, ಹುಟ್ಟಿದ್ದು ಅಮೆರಿಕ ಸರ್ಕಾರದೊಂದಿಗೆ 1868ರಲ್ಲಿ ಆದ ಒಪ್ಪಂದದಿಂದ. ಯೂಟಾ ರಾಜ್ಯವಾದದ್ದು 1896ರಲ್ಲಿ, ಅರಿಜೋನಾ ಮತ್ತು ನ್ಯೂಮೆಕ್ಸಿಕೊ 1912ರಲ್ಲಿ. ಸುಮಾರು 70 ಸಾವಿರ ಚದರ ಕಿಲೋಮೀಟರಿನ ಈ ನೆಲ, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕೂ ಹೆಚ್ಚು, ಆ ಮೂರೂ ರಾಜ್ಯಗಳಲ್ಲಿ ಚಾಚಿಕೊಂಡಿದೆ. ಮಾಮೂಲಿ ಕೋಡಿನ ಪ್ರಕಾರ ಹೋದರೆ ನವಾಹೊ ಎಂಬ ನೆಲವೇ ಎಲ್ಲೂ ಸಿಗದು. 04ರಲ್ಲಿ ಒಂದಿಷ್ಟು, 35ರಲ್ಲಿ ಒಂದಿಷ್ಟು, 49ರಲ್ಲಿ ಮತ್ತಿಷ್ಟು ಎಂದು ಹೆಕ್ಕಿ ತಂದು ಕೂಡಿಸಬೇಕು.

ಇದಕ್ಕೆ ಜನಗಣತಿ ಬ್ಯೂರೋ ಇನ್ನೊಂದು ನಾಲ್ಕಂಕಿಯ ಪಟ್ಟಿ ಮಾಡಿತು. ಕೇಂದ್ರ ಸರ್ಕಾರ ಮಾನ್ಯ ಮಾಡಿದ ರಿಸರ್ವೇಶನ್‌ಗಳು 5000ಕ್ಕಿಂತ ಕೆಳಗೆ. ಹವಾಯಿಯ ಮೂಲನಿವಾಸಿಗಳ ಭೂಮಿ 5000ದಿಂದ, ಒಕ್ಲಹೋಮಾದ ಬುಡಕಟ್ಟು ಪ್ರದೇಶಗಳು 5500ರಿಂದ, ಅಲಾಸ್ಕಾದ ಹಳ್ಳಿಗಳು 6000ದಿಂದ. ರಾಜ್ಯ ಸರ್ಕಾರಗಳು ಮಾತ್ರ ಮಾನ್ಯ ಮಾಡಿದವು 9000ದಾಚೆ. ನವಾಹೊ ನೆಲದ ಸಂಖ್ಯೆ 2430. ಈ ಸಂಖ್ಯೆಗೆ ಅರಿಜೋನಾವೂ ಗೊತ್ತಿಲ್ಲ, ಯೂಟಾವೂ ಗೊತ್ತಿಲ್ಲ.

ಇದರ ಕೆಳಗೆ ಬುಡಕಟ್ಟಿನದೇ ಟ್ರ್ಯಾಕ್ಟುಗಳಿವೆ. ಅವಕ್ಕೆ ‘ಟಿ’ ಅಕ್ಷರದಿಂದ ಶುರುವಾಗುವ ಸಂಖ್ಯೆ. ಬ್ಲಾಕ್ ಗುಂಪಿಗೆ ಅಂಕಿಯ ಬದಲು ಎ, ಬಿ, ಸಿ. ಇವು ಕೌಂಟಿಯ ಗಡಿಯನ್ನೂ ರಾಜ್ಯದ ಗಡಿಯನ್ನೂ ದಾಟಬಹುದು. ಹಾಗಾಗಿ ಅಪಾಚೆ ಕೌಂಟಿಯ ಉತ್ತರಕ್ಕಿರುವ ಒಂದು ನವಾಹೊ ಮನೆಗೆ ಗಣತಿಯಲ್ಲಿ ಎರಡು ಗುರುತು. 04, 001, ಆಮೇಲೆ 94ರಿಂದ ಶುರುವಾಗುವ ಟ್ರ್ಯಾಕ್ಟ್ ಎಂಬುದು ಒಂದು. ಮೂಲನಿವಾಸಿ ಪ್ರದೇಶಗಳು ಪ್ರಧಾನವಾಗಿರುವ ಮಾಮೂಲಿ ಟ್ರ್ಯಾಕ್ಟುಗಳಿಗೆಂದೇ ಆ 94ರ ಸಾಲನ್ನು ಮೀಸಲಿಟ್ಟಿದ್ದಾರೆ. 2430, ಆಮೇಲೆ ‘ಟಿ’ ಟ್ರ್ಯಾಕ್ಟ್, ಆಮೇಲೆ ಒಂದು ಅಕ್ಷರ ಎಂಬುದು ಇನ್ನೊಂದು. ಬ್ಲಾಕ್ ಮಾತ್ರ ಎರಡೂ ಲೆಕ್ಕಕ್ಕೆ ಒಂದೇ. ಅದೇ ತುಣುಕುಗಳನ್ನು ಒಮ್ಮೆ ರಾಜ್ಯದ ಕಡೆಯಿಂದ ಕೂಡಿಸುತ್ತಾರೆ, ಇನ್ನೊಮ್ಮೆ ಬುಡಕಟ್ಟಿನ ಕಡೆಯಿಂದ.

ಚದುರಂಗದ ಮನೆಗಳು

ಗಡಿ ಎಂದರೆ ಒಂದು ಸುತ್ತು ಗೆರೆ ಎಂದುಕೊಂಡರೆ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ನಗರ ಕಣ್ಣು ತೆರೆಸುತ್ತದೆ. ಅಲ್ಲಿನ ಅಗುವಾ ಕಾಲಿಯೆಂತೆ ರಿಸರ್ವೇಶನ್ ಚದುರಂಗದ ಹಾಸಿನಂತಿದೆ. ಒಂದು ಚದರ ಮೈಲಿ ಬುಡಕಟ್ಟಿನದು, ಪಕ್ಕದ ಚದರ ಮೈಲಿ ಬೇರೆಯವರದು. ರೈಲು ಕಂಪನಿಗೆ ಒಂದು ಬಿಟ್ಟು ಒಂದು ಚೌಕವನ್ನು ದಾನ ಕೊಟ್ಟ ಹತ್ತೊಂಬತ್ತನೆಯ ಶತಮಾನದ ಭೂನೀತಿಯ ಫಲ ಇದು. ಊರಿನ ರಸ್ತೆಯಲ್ಲಿ ನಡೆಯುವವರಿಗೆ ಯಾವ ಗೆರೆಯೂ ಕಾಣದು. ಇನ್ನೊಂದು ವಿಚಿತ್ರವೆಂದರೆ ಆ ರಿಸರ್ವೇಶನ್ನಿನೊಳಗೆ ವಾಸಿಸುವ ಬಹುಪಾಲು ಜನ ಮೂಲನಿವಾಸಿಗಳೇ ಅಲ್ಲ. ಗಣತಿ ಗಡಿಯೊಳಗಿನ ಎಲ್ಲರನ್ನೂ ಎಣಿಸುತ್ತದೆ. ಹಾಗಾಗಿ ‘ರಿಸರ್ವೇಶನ್ನಿನ ಜನಸಂಖ್ಯೆ’ ಬೇರೆ, ‘ಬುಡಕಟ್ಟಿನ ಜನಸಂಖ್ಯೆ’ ಬೇರೆ. ಇವೆರಡನ್ನೂ ಕಲಸಿ ಬರೆಯುವ ವರದಿಗಳಿಗೆ ಕೊರತೆಯಿಲ್ಲ.

1887ರ ಡಾಸ್ ಕಾಯ್ದೆ ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನು ಕುಟುಂಬಗಳಿಗೆ ತುಂಡುಮಾಡಿ ಹಂಚಿ, ‘ಮಿಕ್ಕಿದ್ದು’ ಎಂದ ಭೂಮಿಯನ್ನು ವಲಸಿಗರಿಗೆ ತೆರೆಯಿತು. 13.8 ಕೋಟಿ ಎಕರೆ ಇದ್ದದ್ದು 1934ರ ಹೊತ್ತಿಗೆ 4.8 ಕೋಟಿಗೆ ಇಳಿದಿತ್ತು. ಆಮೇಲೆ ಅಲ್ಲಲ್ಲಿ ಮರಳಿ ಸಿಕ್ಕ ಜಮೀನನ್ನು ಕೇಂದ್ರ ಸರ್ಕಾರ ಬುಡಕಟ್ಟಿನ ಪರವಾಗಿ ಟ್ರಸ್ಟ್‌ನಲ್ಲಿ ಇಟ್ಟುಕೊಂಡಿದೆ. ಅದು ರಿಸರ್ವೇಶನ್ನಿನ ಹೊರಗಿದ್ದರೂ ಗಣತಿಗೆ ಬೇಕು. ಅದಕ್ಕೇ 2430ರ ಕೊನೆಗೆ ‘ಆರ್’ ಇದ್ದರೆ ರಿಸರ್ವೇಶನ್, ‘ಟಿ’ ಇದ್ದರೆ ಹೊರಗಿನ ಟ್ರಸ್ಟ್ ಭೂಮಿ. ಒಂದೊಂದು ಅಕ್ಷರದ ಬೆನ್ನಿಗೂ ಕಳೆದುಹೋದ ನೆಲದ ಕಥೆಯಿದೆ.

ಮೂರು ಕಡೆ ಮೂರು ತರ

ಒಕ್ಲಹೋಮಾದಲ್ಲಿ ರಿಸರ್ವೇಶನ್‌ಗಳು 1907ರಲ್ಲಿ ರಾಜ್ಯ ಹುಟ್ಟುವಾಗಲೇ ಮುಗಿದವು ಎಂಬುದು ಬಹುಕಾಲದ ನಂಬಿಕೆ. ಆದರೆ ಅಲ್ಲಿನ ಬುಡಕಟ್ಟುಗಳು ಎಲ್ಲಿಗೂ ಹೋಗಿರಲಿಲ್ಲ. ಹಾಗಾಗಿ ಹಳೆಯ ಗಡಿಗಳ ಆಧಾರದ ಮೇಲೆ ‘ಅಂಕಿಅಂಶಕ್ಕಾಗಿ ಮಾತ್ರ’ ಎಂಬ ಪ್ರದೇಶಗಳನ್ನು ಗಣತಿ ರಚಿಸಿತು. 1980, 1990, 2000ದ ಗಣತಿಗಳಲ್ಲಿ ಒಂದೊಂದು ಸಲ ಒಂದೊಂದು ಹೆಸರು. 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮೆಕ್‌ಗರ್ಟ್ ಪ್ರಕರಣದಲ್ಲಿ, ಗಂಭೀರ ಅಪರಾಧಗಳ ಕಾಯ್ದೆಯ ಮಟ್ಟಿಗೆ ಅಲ್ಲಿನ ಕ್ರೀಕ್ ಬುಡಕಟ್ಟಿನ ರಿಸರ್ವೇಶನ್ ಎಂದೂ ರದ್ದಾಗಿಯೇ ಇಲ್ಲ ಎಂದಿತು. ಅದೇ ವರ್ಷದ ಗಣತಿಯ ಕೋಷ್ಟಕದಲ್ಲಿ ಮಾತ್ರ ಕ್ರೀಕ್ ‘ಅಂಕಿಅಂಶದ ಪ್ರದೇಶ’ವಾಗಿಯೇ ಉಳಿಯಿತು.

ಅಲಾಸ್ಕಾದಲ್ಲಿ ಕೌಂಟಿಗಳೇ ಇಲ್ಲ. ಸಂಘಟಿತ ಸ್ಥಳೀಯ ಆಡಳಿತ ಇಲ್ಲದ ವಿಶಾಲ ಪ್ರದೇಶವನ್ನು ಗಣತಿಗೆಂದೇ ‘ಸೆನ್ಸಸ್ ಏರಿಯಾ’ಗಳಾಗಿ ಹಂಚಿದ್ದಾರೆ. 1971ರ ಭೂ ಇತ್ಯರ್ಥ ಕಾಯ್ದೆ ಅಲ್ಲಿನ ಮೂಲನಿವಾಸಿಗಳಿಗೆ ರಿಸರ್ವೇಶನ್ ಬದಲು ನಿಗಮಗಳನ್ನು ಕೊಟ್ಟಿತು. ಅವುಗಳಲ್ಲಿ ಭೂಪ್ರದೇಶವಿರುವ ಹನ್ನೆರಡು ಪ್ರಾದೇಶಿಕ ನಿಗಮಗಳಿಗೂ ಗಣತಿಯಲ್ಲಿ ಕೋಡ್ ಇದೆ. ಅನೆಟ್ ದ್ವೀಪವೊಂದೇ ರಾಜ್ಯದ ಏಕೈಕ ರಿಸರ್ವೇಶನ್. 2020ರ ಗಣತಿ ಶುರುವಾದದ್ದೂ ಅಲಾಸ್ಕಾದ ಟೂಕ್ಸುಕ್ ಬೇ ಎಂಬ ಹಳ್ಳಿಯಲ್ಲಿ, ಜನವರಿ 21ರಂದು. ದೇಶದ ಉಳಿದ ಭಾಗಕ್ಕಿಂತ ಮೊದಲೇ ಅಲ್ಲಿಗೆ ಹೋಗಲು ಕಾರಣ ಹವೆ: ನೆಲ ಹೆಪ್ಪುಗಟ್ಟಿದ್ದಾಗಲೇ ಓಡಾಟ ಸುಲಭ, ಮಂಜು ಕರಗಿದರೆ ಜನ ಬೇಟೆಗೆ, ಮೀನಿಗೆ ಹೊರಟುಬಿಡುತ್ತಾರೆ. ಇಂಥ ಕಡೆ ಬೀದಿ ಹೆಸರು, ಮನೆ ನಂಬರು ಇಲ್ಲದ ಮನೆಗಳು ಎಷ್ಟೋ. ಗಣತಿದಾರರು ನಕ್ಷೆಯ ಮೇಲೆ ಚುಕ್ಕೆಯಿಟ್ಟು ಅದನ್ನೇ ವಿಳಾಸ ಮಾಡುತ್ತಾರೆ.

ಹವಾಯಿಯಲ್ಲಿ ಬುಡಕಟ್ಟು ಸರ್ಕಾರವೇ ಇಲ್ಲ. ಅರ್ಧದಷ್ಟಾದರೂ ಹವಾಯಿ ರಕ್ತ ಇರುವವರಿಗೆಂದು 1920ರ ದಶಕದಲ್ಲಿ ಅಮೆರಿಕದ ಸಂಸತ್ತು ಮೀಸಲಿಟ್ಟ, ಈಗ ರಾಜ್ಯ ಸರ್ಕಾರ ನೋಡಿಕೊಳ್ಳುವ ಸುಮಾರು 2 ಲಕ್ಷ ಎಕರೆ ಭೂಮಿ ಅಲ್ಲಿದೆ. ಅದು ಗಣತಿಯ ನಕ್ಷೆಗೆ ಹತ್ತಿದ್ದು 2000ದಲ್ಲಿ.

ಹೆಸರು ಬದಲಾದರೆ ನಂಬರೂ

ದಕ್ಷಿಣ ಡಕೋಟಾದಲ್ಲಿ ಪೈನ್ ರಿಜ್ ರಿಸರ್ವೇಶನ್ನಿನೊಳಗಿದ್ದ ಶ್ಯಾನನ್ ಕೌಂಟಿಗೆ ಡಕೋಟಾ ಪ್ರಾಂತ್ಯದ ಹಳೆಯ ಮುಖ್ಯ ನ್ಯಾಯಮೂರ್ತಿಯೊಬ್ಬರ ಹೆಸರಿತ್ತು. ಅಲ್ಲಿನ ಜನ 2014ರಲ್ಲಿ ಮತ ಹಾಕಿ ಅದನ್ನು ಒಗ್ಲಾಲಾ ಲಕೋಟಾ ಕೌಂಟಿ ಮಾಡಿಕೊಂಡರು. ನಂಬರು ಅಕ್ಷರಕ್ರಮದಲ್ಲಿರುವುದರಿಂದ ಹೆಸರಿನೊಡನೆ ಅದೂ ಬದಲಾಗಬೇಕಾಯಿತು. 46113 ಹೋಗಿ, ಮೂಡಿ ಮತ್ತು ಪೆನ್ನಿಂಗ್ಟನ್ ಕೌಂಟಿಗಳ ನಡುವಿನ ಖಾಲಿ ಜಾಗದಲ್ಲಿ 46102 ಬಂತು. ಹಳೆಯ ಅಂಕಿಗಳನ್ನು ಹೊಸ ನಕ್ಷೆಗೆ ಜೋಡಿಸುವವರಿಗೆ ಇಂದಿಗೂ ಇದು ತಲೆನೋವು. ಸಂಕೇತಗಳು ಸರಿಯಾಗಿ ಕೂಡದಿದ್ದರೆ ಅದೇ ಕೌಂಟಿ ನಕ್ಷೆಯಲ್ಲಿ ಖಾಲಿ ತೇಪೆಯಾಗಿ ಕಾಣುತ್ತದೆ.

ಇದು ತಾಂತ್ರಿಕರ ರಗಳೆ ಎಂದು ಬಿಡುವಂತಿಲ್ಲ. ಬುಡಕಟ್ಟುಗಳಿಗೆ ಮನೆ ಕಟ್ಟಲು ಕೊಡುವ ಅನುದಾನದ ಸೂತ್ರ, 1996ರ ಕಾಯ್ದೆಯಿಂದ ಬಂದದ್ದು, ಆಯಾ ಪ್ರದೇಶದ ಗಣತಿಯ ಅಂಕಿಗಳನ್ನೇ ನೆಚ್ಚಿಕೊಂಡಿದೆ. ಪ್ರತಿ ವರ್ಷ ಬ್ಯೂರೋ ಬುಡಕಟ್ಟು ಸರ್ಕಾರಗಳಿಗೆ ನಕ್ಷೆ ಕಳಿಸಿ, ಜನವರಿ 1ಕ್ಕೆ ನಿಮ್ಮ ಗಡಿ ಇದೇ ತಾನೇ ಎಂದು ಕೇಳುವುದು ಅದಕ್ಕೇ.

ಕೋಡಿನ ಶ್ರೇಣಿ ಎಷ್ಟು ಆಳಕ್ಕೆ ಮುಟ್ಟುತ್ತದೆ ಎಂಬುದು 2020ರಲ್ಲಿ ಬಯಲಾಯಿತು. ಜನರ ಖಾಸಗಿ ಮಾಹಿತಿ ಸೋರದಿರಲೆಂದು ಆ ಗಣತಿಯಲ್ಲಿ ಸಣ್ಣ ಪ್ರದೇಶಗಳ ಅಂಕಿಗಳಿಗೆ ಬೇಕೆಂದೇ ಅಷ್ಟಿಷ್ಟು ಏರುಪೇರು ಬೆರೆಸಿದರು. ರಾಜ್ಯ, ಕೌಂಟಿ, ಟ್ರ್ಯಾಕ್ಟ್ ಎಂಬ ಶ್ರೇಣಿಯ ಮೇಲೆಯೇ ಇರುವ ಪ್ರದೇಶಗಳಿಗೆ ಇದರಿಂದ ತೊಂದರೆ ಕಡಿಮೆ. ಆ ಶ್ರೇಣಿಯ ಆಚೆಗಿನ ರಿಸರ್ವೇಶನ್‌ಗಳಲ್ಲಿ ತಪ್ಪು ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. 2010ರ ಅಂಕಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದಾಗ ಮೂಲನಿವಾಸಿಗಳ ರಾಷ್ಟ್ರೀಯ ಒಕ್ಕೂಟ ಆಕ್ಷೇಪ ಎತ್ತಿತು. ಕೊನೆಗೆ ಬ್ಯೂರೋ ತನ್ನ ಲೆಕ್ಕದಲ್ಲಿ ಪ್ರತಿ ರಾಜ್ಯದ ಮೂಲನಿವಾಸಿ ಪ್ರದೇಶಗಳನ್ನೆಲ್ಲ ಒಂದು ಭಾಗ, ಉಳಿದದ್ದನ್ನು ಇನ್ನೊಂದು ಭಾಗ ಎಂದು ಮೊದಲ ಹಂತದಲ್ಲೇ ಬೇರ್ಪಡಿಸಿತು. ಬುಡಕಟ್ಟುಗಳಿಗೆ ಲೆಕ್ಕದ ಶ್ರೇಣಿಯಲ್ಲಿ ಒಂದು ಮೇಲಿನ ಮೆಟ್ಟಿಲು ಸಿಕ್ಕಿದ್ದು ಹೀಗೆ, ಜಗಳ ಮಾಡಿ.

ಇಷ್ಟಾದರೂ ಎಣಿಕೆ ಸರಿಹೋಗಲಿಲ್ಲ. ಗಣತಿಯ ನಂತರ ಬ್ಯೂರೋವೇ ನಡೆಸಿದ ಮರುಪರಿಶೀಲನೆಯಲ್ಲಿ, ರಿಸರ್ವೇಶನ್‌ಗಳಲ್ಲಿ ವಾಸಿಸುವ ಮೂಲನಿವಾಸಿಗಳಲ್ಲಿ ನಿವ್ವಳ ಶೇಕಡಾ 5.64ರಷ್ಟು ಜನ ಲೆಕ್ಕಕ್ಕೆ ಬಂದಿಲ್ಲ ಎಂದು ಕಂಡಿತು. 2010ರಲ್ಲಿ ಈ ಕೊರತೆ ಶೇಕಡಾ 4.88 ಇತ್ತು. ಹೊರಗಿರುವ ಮೂಲನಿವಾಸಿಗಳ ಎಣಿಕೆಯಲ್ಲಿ ಅಂಥ ಗಮನಾರ್ಹ ಕೊರತೆ ಕಾಣಲಿಲ್ಲ. ಗಡಿ ಎಳೆದು ನಂಬರು ಕೊಟ್ಟ ಮಾತ್ರಕ್ಕೆ ಗಣತಿದಾರ ಬಾಗಿಲಿಗೆ ಬರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಈ ಕೊರತೆ ಕಣ್ಣಿಗೆ ಬಿದ್ದದ್ದೇ ರಿಸರ್ವೇಶನ್ ಎಂಬ ಬೇರೆ ಲೆಕ್ಕ ಇದ್ದದ್ದರಿಂದ. ಎಲ್ಲವೂ 04, 35, 46ರೊಳಗೆ ಕರಗಿಹೋಗಿದ್ದರೆ, ಎಷ್ಟು ಜನರನ್ನು ಬಿಟ್ಟೆವು ಎಂದು ಕೇಳಲು ಕೂಡ ಯಾರಿಗೂ ಆಧಾರ ಇರುತ್ತಿರಲಿಲ್ಲ. ತಮ್ಮ ನೆಲಕ್ಕೆ ತಮ್ಮದೇ ಸಂಖ್ಯೆ ಬೇಕೆಂದು ಬುಡಕಟ್ಟುಗಳು ಹಟ ಹಿಡಿಯುವುದರ ಹಿಂದೆ ಅಭಿಮಾನ ಎಷ್ಟಿದೆಯೋ ಈ ವ್ಯವಹಾರಜ್ಞಾನವೂ ಅಷ್ಟೇ ಇದೆ.