ನಿಮಗಿದು ಗೊತ್ತೇ? ಗಡಿಗಳನ್ನು ತೆರೆದುಬಿಟ್ಟರೆ...

ನಿಮ್ಮ ದೇಶ ಬಿಟ್ಟು ಹೊರಡುವುದು ನಿಮ್ಮ ಮಾನವ ಹಕ್ಕು. ಇನ್ನೊಂದು ದೇಶದೊಳಗೆ ಕಾಲಿಡುವುದು ಹಕ್ಕಲ್ಲ! 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿ ಹೊರಡುವ ಹಕ್ಕನ್ನೂ ಮರಳುವ ಹಕ್ಕನ್ನೂ ಕೊಟ್ಟಿದೆ. ಕಿರುಕುಳಕ್ಕೆ ಸಿಕ್ಕವರು ಆಶ್ರಯ ಕೋರಬಹುದು ಎನ್ನುತ್ತದೆ 14ನೇ ವಿಧಿ. ಉಳಿದವರು ಹೊರಟು ಸೇರಬೇಕಾದದ್ದು ಎಲ್ಲಿಗೆ? ಉತ್ತರವಿಲ್ಲ.

ಮೊದಲ ಮಹಾಯುದ್ಧಕ್ಕೆ ಮುಂಚೆ ಪಶ್ಚಿಮ ಯುರೋಪಿನ ಬಹುಪಾಲು ಕಡೆ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡಬಹುದಿತ್ತು. ಆದರೆ ಆ ಸ್ವಾತಂತ್ರ್ಯ ಎಲ್ಲರಿಗೂ ಇರಲಿಲ್ಲ. ಅಮೆರಿಕ 1882ರಲ್ಲೇ ಕಾನೂನು ಮಾಡಿ ಚೀನಾದ ಕಾರ್ಮಿಕರನ್ನು ತಡೆದಿತ್ತು. 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ 376 ಜನ, ಹೆಚ್ಚಿನವರು ಪಂಜಾಬಿಗಳು, ಕೆನಡಾದ ವ್ಯಾಂಕೂವರ್ ತಲುಪಿದರು. ಅವರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು, ಕೆನಡಾವೂ ಅದೇ ಸಾಮ್ರಾಜ್ಯದ್ದು. ಆದರೂ ಕೆಲವರನ್ನಷ್ಟೇ ಇಳಿಸಿಕೊಂಡು, ಉಳಿದವರನ್ನು ಎರಡು ತಿಂಗಳು ಹಡಗಿನಲ್ಲೇ ಕೂರಿಸಿ ವಾಪಸ್ ಕಳಿಸಲಾಯಿತು. ಅಡ್ಡಬಂದ ನಿಯಮದಲ್ಲಿ ಭಾರತದ ಹೆಸರೇ ಇರಲಿಲ್ಲ; ಹುಟ್ಟಿದ ಇಲ್ಲವೇ ಪೌರತ್ವದ ದೇಶದಿಂದ ನಡುವೆ ಎಲ್ಲೂ ತಂಗದೆ ಒಂದೇ ಪ್ರಯಾಣದಲ್ಲಿ ನೇರವಾಗಿ ಬಂದಿರಬೇಕು ಎಂದಿತ್ತು. ಕೆನಡಾ ಸಂಸತ್ತಿನಲ್ಲಿ ಪ್ರಧಾನಿ ಕ್ಷಮೆ ಕೇಳಿದ್ದು 2016ರಲ್ಲಿ.

ಶ್ರೀಮಂತ ದೇಶದ ಪೌರತ್ವವೂ ಊಳಿಗಮಾನ್ಯ ಕಾಲದ ಸವಲತ್ತೂ ಒಂದೇ ಜಾತಿಯವು: ಎರಡೂ ಹುಟ್ಟಿನಿಂದ ಬಂದವು, ದುಡಿದು ಗಳಿಸಿದವಲ್ಲ. ಹೀಗೆಂದು 1987ರಲ್ಲಿ ವಾದಿಸಿದವರು ತತ್ತ್ವಶಾಸ್ತ್ರಜ್ಞ ಜೋಸೆಫ್ ಕ್ಯಾರೆನ್ಸ್. ತಾನು ಯಾರ ಮನೆಯಲ್ಲಿ ಹುಟ್ಟುತ್ತೇನೆಂದು ತಿಳಿಯದವನು ಬರೆಯುವ ನಿಯಮವೇ ನ್ಯಾಯದ ನಿಯಮ ಎಂದು ಅದಕ್ಕೂ ಮುಂಚೆ ಹೇಳಿದ್ದರು ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್. ಆದರೆ ಅದನ್ನು ಒಂದು ದೇಶದೊಳಗಿನ ಸಮಾಜಕ್ಕಷ್ಟೇ ಅನ್ವಯಿಸಿದ್ದರು. ಕ್ಯಾರೆನ್ಸ್ ಅದನ್ನು ಇಡೀ ಲೋಕಕ್ಕೆ ಹಿಗ್ಗಿಸಿದರು. ಯಾವ ದೇಶದಲ್ಲಿ ಹುಟ್ಟುತ್ತೀರೆಂದು ಗೊತ್ತಿಲ್ಲದಿದ್ದರೆ, ಗಡಿ ದಾಟುವ ಸ್ವಾತಂತ್ರ್ಯವನ್ನು ನೀವು ಬಿಟ್ಟುಕೊಡುತ್ತೀರಾ? ಹುಟ್ಟನ್ನೇ ನೋಡಿ ಮನುಷ್ಯನ ಬೆಲೆ ಕಟ್ಟಿದ ನಾಡಿನವರಾದ ನಮಗೆ ಈ ಪ್ರಶ್ನೆ ಬೇರೆಯವರಿಗಿಂತ ಬೇಗ ತಟ್ಟಬೇಕು.

ಬೀದರ್‌ನಲ್ಲಿ ಹುಟ್ಟಿದವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ನೆಲೆಸುವುದು ನಮ್ಮ ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ದೇಶದೊಳಗೆ ಅಷ್ಟು ಅಮೂಲ್ಯವಾದ ಓಡಾಟ ಗಡಿಯಾಚೆ ಬೆಲೆ ಕಳೆದುಕೊಳ್ಳುವುದೇಕೆ? ಬ್ರಿಟನ್ನಿನ ರಾಜಕೀಯ ಚಿಂತಕ ಡೇವಿಡ್ ಮಿಲ್ಲರ್ ಅವರ ಉತ್ತರ ಹೀಗಿದೆ: ಬದುಕಿಗೆ ಸಾಕಾಗುವಷ್ಟು ಆಯ್ಕೆಗಳಿದ್ದರೆ ಸ್ವಾತಂತ್ರ್ಯ ಪೂರೈಸಿತು, ಲೋಕದ ಎಲ್ಲ ಆಯ್ಕೆಗಳೂ ಬೇಕಿಲ್ಲ. ಸಾಕಾಗುವಷ್ಟೇ ಇಲ್ಲದವರ ಮುಂದೆ ಈ ಉತ್ತರ ನಿಲ್ಲುವುದಿಲ್ಲ ಎಂಬುದು ನನ್ನ ಅನಿಸಿಕೆ.

ತೆರೆದ ಗಡಿಯ ವಾದ ದರೋಡೆಗೂ ಬಳಕೆಯಾಗಿದೆ. 1539ರಲ್ಲಿ ಸ್ಪೇನಿನ ಪಾದ್ರಿ ಫ್ರಾನ್ಸಿಸ್ಕೊ ದೆ ವಿತೋರಿಯಾ, ಅಮೆರಿಕ ಖಂಡದಲ್ಲಿ ಓಡಾಡಿ ವ್ಯಾಪಾರ ಮಾಡುವುದು ಸ್ಪೇನಿನವರ ಹಕ್ಕು, ಮೂಲನಿವಾಸಿಗಳು ಬಲವಂತದಿಂದ ತಡೆದರೆ ಯುದ್ಧವೂ ನ್ಯಾಯವಾದೀತು ಎಂದರು. 1795ರಲ್ಲಿ ತತ್ತ್ವಶಾಸ್ತ್ರಜ್ಞ ಇಮ್ಯಾನುಯೆಲ್ ಕಾಂಟ್ ಪರದೇಶದವನಿಗೆ ಭೇಟಿ ಕೊಡುವ ಹಕ್ಕನ್ನು ಒಪ್ಪಿ, ನೆಲೆಯೂರುವ ಹಕ್ಕನ್ನು ನಿರಾಕರಿಸಿದರು. ಅತಿಥಿಗಳಾಗಿ ಹೋದ ಯುರೋಪಿಯನ್ನರು ಭಾರತದಲ್ಲಿ ಮಾಡಿದ್ದು ಅವರ ಕಣ್ಣ ಮುಂದಿತ್ತು. ಚೀನಾ, ಜಪಾನ್ ಬಾಗಿಲು ಹಾಕಿಕೊಂಡದ್ದು ಬುದ್ಧಿವಂತಿಕೆ ಎಂದೇ ಅವರು ಬರೆದರು.

ತೆರೆದರೆ ಜನ ಮುಗಿಬೀಳುತ್ತಾರೆಯೇ? 2004ರಲ್ಲಿ ಪೋಲೆಂಡ್ ಸೇರಿ ಎಂಟು ದೇಶಗಳ ಕಾರ್ಮಿಕರಿಗೆ ಬ್ರಿಟನ್, ಐರ್ಲೆಂಡ್, ಸ್ವೀಡನ್ ಒಟ್ಟಿಗೇ ಬಾಗಿಲು ತೆರೆದವು. ಬ್ರಿಟನ್ ಸರ್ಕಾರ ಮಾಡಿಸಿದ ಅಂದಾಜು ವರ್ಷಕ್ಕೆ 5,000ದಿಂದ 13,000; ಬಂದವರು ಅದರ ಎಷ್ಟೋ ಪಟ್ಟು. ಅದೇ ಸ್ವೀಡನ್ನಿಗೆ ಹೋದವರು ಕಡಿಮೆ. ಭಾಷೆ, ಕೆಲಸ, ಮೊದಲೇ ನೆಲೆಸಿದ ನೆಂಟರಿಷ್ಟರು, ಇವೂ ಸೇರಿ ಜನರನ್ನು ಎಳೆಯುತ್ತವೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ವಲಸಿಗರು ಸುಮಾರು 30.4 ಕೋಟಿ, ಅಂದರೆ ನೂರಕ್ಕೆ ನಾಲ್ಕು ಜನವೂ ಇಲ್ಲ.

ಬಾಗಿಲು ತೆರೆದೇ ಇಟ್ಟ ಜಾಗಗಳು ಈಗಲೂ ಇವೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ನೆಲೆಸಲು ಯಾರಿಗೂ ವೀಸಾ ಬೇಡ. ತಮ್ಮ ಹೊಟ್ಟೆಪಾಡು ತಾವೇ ನೋಡಿಕೊಳ್ಳಬೇಕು, ಅಷ್ಟೇ.

ಅಷ್ಟು ದೂರ ಏಕೆ? ಭಾರತ ಮತ್ತು ನೇಪಾಳದ ನಡುವಿನ ಸುಮಾರು 1,750 ಕಿಲೋಮೀಟರ್ ಗಡಿ ಎರಡೂ ದೇಶಗಳ ಜನರಿಗೆ ತೆರೆದೇ ಇದೆ. 1950ರ ಒಪ್ಪಂದದ ಬಲದಿಂದ, ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾಯುವ ನೇಪಾಳಿ ವೀಸಾ ಇಲ್ಲದೆಯೇ ಇಲ್ಲಿ ದುಡಿಯಬಹುದು.

ಬಾಗಿಲು ತೆರೆದ ಮಾತ್ರಕ್ಕೆ ಹಕ್ಕು ಸಿಗುವುದಿಲ್ಲ. ಹೊರಗಿನ ಕಾರ್ಮಿಕರನ್ನು ಧಾರಾಳವಾಗಿ ಬಿಟ್ಟುಕೊಳ್ಳುವ ದೇಶಗಳೇ ಅವರಿಗೆ ಕಡಿಮೆ ಹಕ್ಕು ಕೊಡುತ್ತವೆ ಎಂದು ವಲಸೆಯ ಅಧ್ಯಯನಕಾರ ಮಾರ್ಟಿನ್ ರೂಸ್ 2013ರ ಪುಸ್ತಕದಲ್ಲಿ ತೋರಿಸಿದ್ದಾರೆ. ಕರಾವಳಿಯವರಿಗೆ ಇದು ಹೊಸದಲ್ಲ. ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋದವರು ದಶಕಗಟ್ಟಲೆ ದುಡಿದರೂ ಅಲ್ಲಿನ ಪೌರರಾಗುವುದು ತೀರಾ ಅಪರೂಪ. ಕ್ಯಾರೆನ್ಸ್ ಕೂಡ ಅದೇ 2013ರಲ್ಲಿ, ಒಂದು ಸಮಾಜದಲ್ಲಿ ವರ್ಷಗಟ್ಟಲೆ ಬಾಳಿದವರು ಅಲ್ಲಿಯವರೇ ಆಗುತ್ತಾರೆ, ಗಡಿಯನ್ನು ಕಾಯುವುದು ಸರಿ ಎಂದು ಒಪ್ಪಿದರೂ ಈ ಮಾತು ಸುಳ್ಳಾಗದು ಎಂದು ಬರೆದರು. ಗಡಿ ತೆರೆಯುವ ಚರ್ಚೆ ಇನ್ನೂ ನಡೆಯಲಿ. ಈಗಾಗಲೇ ಒಳಗೆ ಬಂದು ದುಡಿದವರಿಗೆ ಸಲ್ಲಬೇಕಾದ ಹಕ್ಕಿನ ಬಾಕಿ ಮೊದಲು ತೀರಬೇಕು.