ಕಣ್ಣಿದ್ದವರಿಗೂ ಸಂಜಯ ಬೇಕು

ಕುದುರೆ ಪಂದ್ಯವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಜೂಜು, ಜೂಜಿನಿಂದ ಹಾಳಾದ ಮನೆಗಳು. ಅದು ನಿಜವೇ. ಜೂಜನ್ನು ಸಮರ್ಥಿಸುವ ಉದ್ದೇಶ ನನಗಿಲ್ಲ. ನಾನು ಹೇಳಹೊರಟಿರುವುದು ಬೇರೊಂದು ಸಂಗತಿ; ಬಾನುಲಿಯ ಮುಂದೆ ಕುಳಿತು ಆಟಪಾಟಗಳ ವೀಕ್ಷಕ ವಿವರಣೆ ಕೇಳುವ ನಿಮಗೆ ಅದು ರುಚಿಸೀತೆಂದು ನಂಬಿದ್ದೇನೆ.

ಒಮ್ಮೆ ತರಗತಿಯಲ್ಲಿ ಭಾರತದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಧೃತರಾಷ್ಟ್ರನಿಗೆ ಕಣ್ಣಿದ್ದಿದ್ದರೆ ಸಂಜಯನಿಗೆ ಕೆಲಸವೇ ಇರುತ್ತಿರಲಿಲ್ಲ, ಅಲ್ಲವೇ?" ಎಂದು ಕೇಳಿದ. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಕುರುಕ್ಷೇತ್ರದಲ್ಲಲ್ಲ, ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬಳಿ ಇರುವ ಏಂಟ್ರಿ ಎಂಬ ಮೈದಾನದಲ್ಲಿ.

ಅಲ್ಲಿ ವರ್ಷಕ್ಕೊಮ್ಮೆ ಗ್ರಾಂಡ್ ನ್ಯಾಷನಲ್ ಎಂಬ ಪಂದ್ಯ ನಡೆಯುತ್ತದೆ. ಅದರ ಚರಿತ್ರೆಯನ್ನು ೧೮೩೯ರಿಂದ ಎಣಿಸುವುದು ವಾಡಿಕೆ. ನಮ್ಮ ಬೆಂಗಳೂರು, ಮೈಸೂರುಗಳ ರೇಸಿನಂತೆ ಇದು ಸಮತಟ್ಟಾದ ನೆಲದ ಓಟವಲ್ಲ. ಸುಮಾರು ನಾಲ್ಕೂಕಾಲು ಮೈಲಿ ದೂರ. ದಾರಿಯಲ್ಲಿ ಹಾರಬೇಕಾದ ಬೇಲಿಗಳು ೩೦. ಬಹುಕಾಲ ನಲವತ್ತರಷ್ಟು ಕುದುರೆಗಳು ಒಮ್ಮೆಗೇ ಹೊರಡುತ್ತಿದ್ದವು. ಒಂಬತ್ತು ಹತ್ತು ನಿಮಿಷದ ಈ ಓಟದಲ್ಲಿ ಕೆಲವು ಬೀಳುತ್ತವೆ, ಕೆಲವು ನಿಲ್ಲುತ್ತವೆ, ಕೆಲವು ಸವಾರನನ್ನು ಕೆಡವಿ ಬರಿಬೆನ್ನಿನಲ್ಲೇ ಓಡುತ್ತವೆ. ಹಣ ಕೊಟ್ಟು ಒಳಗೆ ನಿಂತವನಿಗೂ ಓಟದ ಬಹುಭಾಗ ಕಾಣದು. ಎಂದರೆ, ಮೈದಾನದಲ್ಲಿದ್ದವನೂ ಅರೆಕುರುಡನೇ.

ಈ ಕುರುಡಿಗೆ ಮೊದಲು ಮದ್ದು ತಂದದ್ದು ಬಾನುಲಿ. ೧೯೨೭ರಲ್ಲಿ ಬಿ.ಬಿ.ಸಿ. ಗ್ರಾಂಡ್ ನ್ಯಾಷನಲ್‌ನ ವಿವರಣೆಯನ್ನು ಮೊದಲ ಬಾರಿಗೆ ಬಿತ್ತರಿಸಿತು. ಕುದುರೆ ಪಂದ್ಯವನ್ನು ಚಿತ್ರವಾಗಿ ಕಳುಹಿಸುವ ಸಾಹಸವೂ ಅಲ್ಲಿಂದ ಬಹಳ ದೂರವಿರಲಿಲ್ಲ. ೧೯೩೧ರಲ್ಲಿ ಜಾನ್ ಲೋಗಿ ಬೇರ್ಡ್ ಎಂಬಾತ ಎಪ್ಸಮ್ಮಿನ ಡರ್ಬಿ ಪಂದ್ಯದ ಗುರಿಗಂಬದ ಬಳಿ ಒಂದು ಬಂಡಿ ನಿಲ್ಲಿಸಿ, ಅದರೊಳಗಿನ ಯಂತ್ರದಿಂದ ಚಿತ್ರವನ್ನು ಟೆಲಿಫೋನ್ ತಂತಿಯ ಮೂಲಕ ಲಂಡನ್ನಿಗೆ ಕಳುಹಿಸಿದ. ಆ ಚಿತ್ರಕ್ಕಿದ್ದದ್ದು ಮೂವತ್ತೇ ಗೆರೆ. ನಮ್ಮ ಮಕ್ಕಳ ಕಾಪಿ ಪುಸ್ತಕದ ಒಂದು ಪುಟಕ್ಕೆ ಹೆಚ್ಚುಕಡಿಮೆ ಅಷ್ಟೇ ಗೆರೆ ಇರುತ್ತದೆ! ಮರುವರ್ಷ ಅದೇ ಪಂದ್ಯವನ್ನು ಲಂಡನ್ನಿನ ಒಂದು ಚಿತ್ರಮಂದಿರದ ತೆರೆಯ ಮೇಲೆ ತೋರಿಸಿದ.

ಆದರೆ ಏಂಟ್ರಿ ಮಾತ್ರ ಬಹುಕಾಲ ಟೆಲಿವಿಷನ್ನಿಗೆ ಬಾಗಿಲು ತೆರೆಯಲಿಲ್ಲ. ಮೈದಾನದ ಒಡೆತನವಿದ್ದದ್ದು ಟಾಪಮ್ ಮನೆತನದ ಕೈಯಲ್ಲಿ. ವ್ಯವಹಾರ ನೋಡುತ್ತಿದ್ದವರು ಹಿಂದೆ ನಾಟಕದ ನಟಿಯಾಗಿದ್ದ ಮಿರಾಬೆಲ್ ಟಾಪಮ್ ಎಂಬ ಗಟ್ಟಿಗಿತ್ತಿ. ಮನೆಯಲ್ಲೇ ಕುಳಿತು ನೋಡಬಹುದಾದರೆ ಟಿಕೆಟು ಕೊಳ್ಳುವವರು ಯಾರು ಎಂಬುದು ಅಂದಿನ ಪಂದ್ಯದೊಡೆಯರ ಹೆದರಿಕೆ. ತಮ್ಮ ಮೈದಾನದ ಓಟದ ಪ್ರಸಾರದ ಹಕ್ಕು ತಮ್ಮದೇ ಎಂಬುದು ಆಕೆಯ ವಾದ. ಈ ಜಗಳ ಬಾನುಲಿಗೂ ತಟ್ಟಿತು. ೧೯೫೨ರಲ್ಲಿ ಬಿ.ಬಿ.ಸಿ.ಯ ಅನುಭವಿಗಳನ್ನು ಬಿಟ್ಟು, ತಾವೇ ಗೊತ್ತುಮಾಡಿದ ಜನರಿಂದ ಆಕೆ ವಿವರಣೆ ಕೊಡಿಸಿದರು. ಪರಿಣಾಮವೇನು? ಟೀಲ್ ಎಂಬ ಕುದುರೆ ಮೊದಲ ಬೇಲಿಯಲ್ಲೇ ಬಿತ್ತೆಂದು ಕೇಳುಗರಿಗೆ ಸಾರಿಬಿಟ್ಟರು. ಕೊನೆಗೆ ಗೆದ್ದದ್ದು ಅದೇ ಟೀಲ್! ತುಟಿ ಅಲುಗಿಸಬಲ್ಲವರೆಲ್ಲ ಸಂಜಯರಲ್ಲವೆಂದು ಊರಿಗೆಲ್ಲ ತಿಳಿಯಿತು.

ಕಡೆಗೆ ೧೯೬೦ರಲ್ಲಿ ಒಪ್ಪಂದವಾಗಿ, ಗ್ರಾಂಡ್ ನ್ಯಾಷನಲ್ ಮೊದಲ ಬಾರಿಗೆ ಟೆಲಿವಿಷನ್ನಿನಲ್ಲಿ ಬಂತು. ಇನ್ನು ಕಣ್ಣು ಬಂದಾಯಿತು, ನಾಲಗೆಗೆ ಬಿಡುವು ಎಂದು ಯಾರಾದರೂ ಎಣಿಸಿದ್ದರೆ ಅವರ ಎಣಿಕೆ ತಪ್ಪಾಗಲು ಏಳು ವರ್ಷ ಸಾಕಾಯಿತು.

೧೯೬೭ರ ಪಂದ್ಯದಲ್ಲಿ ಹೊರಟ ಕುದುರೆಗಳು ೪೪. ಇಪ್ಪತ್ತಮೂರನೆಯದು ಅಲ್ಲಿನ ಗಿಡ್ಡ ಬೇಲಿಗಳಲ್ಲೊಂದು. ಅದಕ್ಕೆ ಯಾರೂ ಹೆದರುತ್ತಿರಲಿಲ್ಲ. ಸವಾರನಿಲ್ಲದ ಕುದುರೆಯೊಂದು ಅಲ್ಲಿ ಹಾರದೆ ಅಡ್ಡಕ್ಕೆ ತಿರುಗಿತು. ಹಿಂದಿನದು ಮುಂದಿನದರ ಮೇಲೆ ಬಿತ್ತು. ಸವಾರರು ಬೇಲಿಯ ಆಚೆಗೆ ಉರುಳಿದರು. ಅದು ಸಂತೆಯಲ್ಲಿ ಎತ್ತು ಬೆದರಿದಂಥ ಗೊಂದಲ. ಬಹಳ ಹಿಂದೆ ಉಳಿದಿದ್ದ ಫೊಯ್ನಾವನ್ ಎಂಬ ಕುದುರೆ, ಹಿಂದಿದ್ದುದರಿಂದಲೇ ಸಂದು ನೋಡಿಕೊಂಡು ದಾಟಿಬಿಟ್ಟಿತು. ಅದರ ಮೇಲೆ ಒಂದಕ್ಕೆ ನೂರರ ಬೆಲೆ ಕಟ್ಟಿದ್ದರು. ಅದರ ಒಡೆಯನೂ ಪಳಗಿಸಿದವನೂ ಅಂದು ಏಂಟ್ರಿಗೆ ಬಂದೇ ಇರಲಿಲ್ಲ. ಕ್ಯಾಮೆರಾ ಎಲ್ಲವನ್ನೂ ತೋರಿಸುತ್ತಿತ್ತು, ನಿಜ. ಆದರೆ ನೋಡುವವರಿಗೆ ಕಂಡದ್ದು ಕಾಲು, ಬಾಲ, ಟೋಪಿಗಳ ರಾಶಿ. ಆ ಬೇಲಿಯ ಕಡೆ ವಿವರಣೆಗೆ ನಿಂತಿದ್ದ ಐರ್ಲೆಂಡಿನ ಮೈಕೇಲ್ ಒಹೇರ್ ತಡವರಿಸದೆ, ಯಾರು ಬಿದ್ದರು, ಯಾರು ನಿಂತರು, ದಾಟಿಹೋದದ್ದು ಯಾವುದು ಎಂದು ಹೆಸರು ಹಿಡಿದು ಹೇಳಿದರು. ಅವರು ಪಂದ್ಯಕ್ಕೆ ಮುನ್ನವೇ ಸವಾರರಿದ್ದ ಕೋಣೆಗೆ ಹೋಗಿ, ಪರಿಚಯವಿಲ್ಲದ ಬಣ್ಣದ ಅಂಗಿ ತೊಟ್ಟವನನ್ನು ಯಾರೆಂದು ವಿಚಾರಿಸಿಕೊಂಡಿದ್ದರಂತೆ. ಆ ಒಂದು ವಿಚಾರಣೆ ಲಕ್ಷಾಂತರ ಜನರಿಗೆ ಕಣ್ಣಾಯಿತು. ಆ ಬೇಲಿಗೆ ಈಗ ಫೊಯ್ನಾವನ್ ಎಂದೇ ಹೆಸರು.

ಬಿ.ಬಿ.ಸಿ.ಯ ಮುಖ್ಯ ವಿವರಣಕಾರ ಪೀಟರ್ ಒಸಲಿವನ್ ಅವರ ಸಿದ್ಧತೆಯೂ ಹೀಗೆಯೇ. ಪ್ರತಿ ಸವಾರನ ಅಂಗಿಯ ಬಣ್ಣವನ್ನು ಹಾಳೆಯ ಮೇಲೆ ಗುರುತಿಸಿಕೊಂಡು, ಹೆಸರಿನೊಡನೆ ಬಾಯಿಪಾಠ ಮಾಡುತ್ತಿದ್ದರು. ಯುದ್ಧಕಾಲದ ಜರ್ಮನ್ ಜಲಾಂತರ್ಗಾಮಿಯೊಂದರ ಭಾರಿ ದುರ್ಬೀನನ್ನು ಬಳಸುತ್ತಿದ್ದರು. ಬಾನುಲಿ, ಟೆಲಿವಿಷನ್ ಎರಡರಲ್ಲೂ ಸೇರಿ ಐವತ್ತು ಗ್ರಾಂಡ್ ನ್ಯಾಷನಲ್‌ಗಳನ್ನು ವಿವರಿಸಿ ೧೯೯೭ರಲ್ಲಿ ನಿವೃತ್ತರಾದರು. ೧೯೭೩ರಲ್ಲಿ ಕ್ರಿಸ್ಪ್ ಎಂಬ ಕುದುರೆ ೧೨ ಸ್ಟೋನ್, ಅಂದರೆ ೭೬ ಕಿಲೋ ಹೊತ್ತು, ಬಹುದೂರ ಒಂಟಿಯಾಗಿ ಮುಂದೆ ಓಡಿತು. ಕೊನೆಯ ನೂರಾರು ಗಜದಲ್ಲಿ ಕಾಲು ಸೋತು, ತನಗಿಂತ ಹತ್ತು ಕಿಲೋ ಕಡಿಮೆ ಹೊತ್ತಿದ್ದ ರೆಡ್ ರಮ್‌ಗೆ ಮುಕ್ಕಾಲು ಕುದುರೆಯುದ್ದದಲ್ಲಿ ಸೋತಿತು. ಗೆದ್ದವನ ಹರ್ಷದೊಳಗೆ ಸೋತವನ ಸಂಕಟವೂ ಕೇಳಿಸುವಂತೆ ಹೇಳಿದ್ದು ಒಸಲಿವನ್ನರ ಹಿರಿಮೆ.

ಟಾಪಮ್ ಅವರ ಹೆದರಿಕೆ ಏನಾಯಿತು? ಕುದುರೆಯ ಬಾಲ ಮುಟ್ಟದ ಮನೆಗಳಲ್ಲೂ ಈ ಪಂದ್ಯ ಮನೆಮಾತಾಯಿತು. ೧೯೭೩, ೭೪, ೭೭ರಲ್ಲಿ ಮೂರು ಬಾರಿ ಗೆದ್ದ ರೆಡ್ ರಮ್ ಮಕ್ಕಳಿಗೂ ಪರಿಚಿತ. ಮೈದಾನ ಮಾರಾಟಕ್ಕೆ ಬಂದು ಪಂದ್ಯವೇ ನಿಲ್ಲುವಂತಾದಾಗ, ಸಾರ್ವಜನಿಕರ ವಂತಿಗೆಯೂ ಸೇರಿ ೧೯೮೩ರಲ್ಲಿ ಅದು ಉಳಿಯಿತು. ಗೇಟಿನ ಹಣ ಕಸಿಯುವುದೆಂದು ಹೆದರಿದ್ದ ಪೆಟ್ಟಿಗೆಯೇ ಆ ಅಭಿಮಾನವನ್ನು ಬೆಳೆಸಿತ್ತು ಎಂದು ನನ್ನ ಭಾವನೆ.

ಇನ್ನು ನೋಡುಗರ ಲೆಕ್ಕ. ಜಗತ್ತಿನ ೬೦ ಕೋಟಿ ಜನ ಇದನ್ನು ನೋಡುತ್ತಾರೆಂದು ಪತ್ರಿಕೆಗಳು ಬರೆಯುವುದುಂಟು. ಅದು ಪ್ರಸಾರ ತಲುಪಬಲ್ಲ ಮನೆಗಳ ಲೆಕ್ಕವೇ ಹೊರತು ನೋಡಿದವರ ತಲೆಯೆಣಿಕೆಯಲ್ಲ. ಬ್ರಿಟನ್ನಿನಲ್ಲಿ ಅಳೆದ ಲೆಕ್ಕದಂತೆ, ಅತಿ ಹೆಚ್ಚು ಜನ ನೋಡಿದ ಗಳಿಗೆಯಲ್ಲಿ ೨೦೧೭ರಲ್ಲಿ ಇದ್ದವರು ೮೨ ಲಕ್ಷ; ೨೦೨೪ರಲ್ಲಿ ೬೧ ಲಕ್ಷ. ೨೦೨೦ರಲ್ಲಿ ಕೊರೋನಾದಿಂದ ಪಂದ್ಯ ರದ್ದಾದಾಗ ಗಣಕಯಂತ್ರದಲ್ಲಿ ರಚಿಸಿದ, ಒಂದೂ ಕುದುರೆ ಓಡದ ಓಟವನ್ನು ೪೮ ಲಕ್ಷ ಜನ ನೋಡಿದರು! ಅಮೆರಿಕದ ಕೆಂಟಕಿ ಡರ್ಬಿ ಎರಡೇ ನಿಮಿಷದ ಓಟ; ೨೦೨೫ರಲ್ಲಿ ಅದರ ಪ್ರಸಾರವನ್ನು ನೋಡಿದವರು ಸರಾಸರಿ ಒಂದು ಕೋಟಿ ೭೭ ಲಕ್ಷ.

ಇಷ್ಟು ಕಣ್ಣುಗಳು ನೋಡುವಾಗ ಹೇಳುವವನ ಹೊಣೆ ಹಗುರವಾಗುವುದಿಲ್ಲ, ಭಾರವಾಗುತ್ತದೆ. ೨೦೧೧ರ ಪಂದ್ಯದಲ್ಲಿ ಎರಡು ಕುದುರೆಗಳು ಬಿದ್ದು ಸತ್ತವು. ಎರಡನೆಯ ಸುತ್ತಿನಲ್ಲಿ ಉಳಿದವು ಆ ಬೇಲಿಗಳನ್ನು ಬಳಸಿ ಓಡಿದವು. ಮೇಲಿನ ಕ್ಯಾಮೆರಾ ಬೇಲಿಯ ಬಳಿ ಹೊದಿಸಿದ್ದ ಟಾರ್ಪಾಲನ್ನು ತೋರಿಸಿತು. ಅದರಡಿ ಇರುವುದೇನೆಂಬುದನ್ನು ಪ್ರಸಾರದ ಮಾತು ಮರೆಸಿತೆಂದು ಆಕ್ಷೇಪಗಳು ಬಂದವು. ಮರುವರ್ಷವೂ ಎರಡು ಸತ್ತವು. ಮನೆಮನೆಯಲ್ಲೂ ಕಂಡದ್ದನ್ನು ಮುಚ್ಚಿಡಲಾದೀತೇ? ಬೇಲಿಗಳ ಒಡಲನ್ನು ಮೆತ್ತಗೆ ಮಾಡಿದರು. ೨೦೨೪ರಿಂದ ಕುದುರೆಗಳ ಸಂಖ್ಯೆಯನ್ನು ೪೦ರಿಂದ ೩೪ಕ್ಕೆ ಇಳಿಸಿದರು.

ಆ ಹುಡುಗನಿಗೆ ಈಗ ನಾನು ಹೇಳುವ ಉತ್ತರ ಇದು. ವ್ಯಾಸರು ಕಣ್ಣು ಕೊಡುತ್ತೇನೆಂದರೂ, ಬಂಧುಗಳ ಸಾವನ್ನು ನೋಡಲಾರೆನೆಂದು ಧೃತರಾಷ್ಟ್ರ ಬೇಡವೆಂದ. ಸಂಜಯ ಆ ಸಾವುಗಳನ್ನು ಅವನ ಕಿವಿಯಿಂದಲೂ ಮರೆಸಲಿಲ್ಲ. ಮಕ್ಕಳು ಬಿದ್ದದ್ದನ್ನು ಒಂದೊಂದಾಗಿ ತಂದೆಗೆ ಹೇಳಿದ. ಕಣ್ಣು ಕಂಡದ್ದಕ್ಕೆ ಸರಿಯಾದ ಹೆಸರಿಟ್ಟು, ಕಹಿಯಾದರೂ ನಿಜವನ್ನು ಹೇಳುವ ನಾಲಗೆ ಬಾನುಲಿಗೆ ಎಷ್ಟು ಬೇಕೋ ಟೆಲಿವಿಷನ್ನಿಗೂ ಅಷ್ಟೇ ಬೇಕು. ಮುಂದಿನ ಸಲ ನಿಮ್ಮ ಮನೆಯಲ್ಲಿ ಯಾವ ಆಟದ ವಿವರಣೆ ಬಂದರೂ, ಆಟದ ಜೊತೆಗೆ ಹೇಳುವವರ ಮಾತಿನ ಮೇಲೂ ಒಂದು ಕಿವಿಯಿಟ್ಟು ನೋಡಿ.