4 ಮಿಲಿಮೀಟರ್ ಒಳಗಿನ ಮೋಸ: ಟೇಬಲ್ ಟೆನಿಸ್ ರಬ್ಬರಿನ ಲೆಕ್ಕಪತ್ರ

ಟೇಬಲ್ ಟೆನಿಸ್ ಚೆಂಡಿನ ತೂಕ 2.7 ಗ್ರಾಂ, ವ್ಯಾಸ 40 ಮಿಲಿಮೀಟರ್. ಅದನ್ನು ಹೊಡೆಯುವ ಬ್ಯಾಟಿನ ಒಂದೊಂದು ಮಗ್ಗುಲಿನಲ್ಲೂ ರಬ್ಬರ್, ಸ್ಪಂಜು, ಅಂಟು ಮೂರೂ ಸೇರಿ 4 ಮಿ.ಮೀ. ದಪ್ಪ ಮೀರುವಂತಿಲ್ಲ. ಬ್ಯಾಟಿನಿಂದ ಹೊರಡುವ ರಾಸಾಯನಿಕ ಆವಿ 3 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಮೂರು ಭಾಗ, ದಾಟುವಂತಿಲ್ಲ. ಈ ಎರಡನ್ನೂ ಉಪಕರಣ ಅಳೆಯುತ್ತದೆ. ನಿಯಮ ಮಾತ್ರ ಇಲ್ಲಿಗೆ ನಿಲ್ಲುವುದಿಲ್ಲ. ಕಾರ್ಖಾನೆಯಿಂದ ಹೊರಬಂದ ರಬ್ಬರಿಗೆ ಭೌತಿಕ, ರಾಸಾಯನಿಕ ಅಥವಾ ಬೇರೆ ಯಾವುದೇ ಸಂಸ್ಕರಣೆ ಮಾಡಕೂಡದು ಎಂದು ಅದು ಹೇಳುತ್ತದೆ. ಅಂದರೆ ಅನುಮತಿಸಿದ ಸಂಸ್ಕರಣೆಯ ಪ್ರಮಾಣ ಸೊನ್ನೆ. ಆ ಸೊನ್ನೆಯನ್ನು ಖಚಿತಪಡಿಸುವ ಪರೀಕ್ಷೆ ತಪಾಸಣೆಯ ಮೇಜಿನ ಮೇಲೆ ಇಲ್ಲ. ನಿಯಮಕ್ಕೂ ಉಪಕರಣಕ್ಕೂ ನಡುವಿನ ಈ ಅಂತರದ ಬೆಲೆಯನ್ನು ತೆರುತ್ತಿರುವವರು ನೇರವಾಗಿ ಆಡುವ ಆಟಗಾರರು. ಎಷ್ಟು ತೆರುತ್ತಿದ್ದಾರೆ ಎಂಬುದು ಈ ಬರಹದ ಲೆಕ್ಕ.

ಒಂದು ನೋಟದಲ್ಲಿ: ಬ್ಯಾಟಿನ ಮಿತಿಗಳು

- ಹಲಗೆಯ ದಪ್ಪದಲ್ಲಿ ನೈಸರ್ಗಿಕ ಮರ: ಕನಿಷ್ಠ ಶೇ 85
- ಹಲಗೆಯೊಳಗಿನ ಕಾರ್ಬನ್ ಅಥವಾ ಗಾಜಿನ ನಾರಿನ ಒಂದು ಪದರ: ದಪ್ಪದ ಶೇ 7.5 ಅಥವಾ 0.35 ಮಿ.ಮೀ., ಯಾವುದು ಕಡಿಮೆಯೋ ಅದು
- ಸ್ಪಂಜಿಲ್ಲದ ಪಿಂಪಲ್ (ಸಣ್ಣ ಮೊನೆಗಳ) ರಬ್ಬರ್, ಅಂಟು ಸೇರಿ: ಗರಿಷ್ಠ 2 ಮಿ.ಮೀ.
- ಸ್ಪಂಜಿರುವ ರಬ್ಬರ್, ಅಂಟು ಸೇರಿ: ಗರಿಷ್ಠ 4 ಮಿ.ಮೀ.
- ಪಿಂಪಲ್‌ಗಳ ಸಾಂದ್ರತೆ: ಚದರ ಸೆಂ.ಮೀ.ಗೆ 10ರಿಂದ 30
- ಮೇಲ್ಮೈ ಸಮತಟ್ಟು: ಉಬ್ಬು 0.2 ಮಿ.ಮೀ., ತಗ್ಗು 0.5 ಮಿ.ಮೀ. ವರೆಗೆ ವಿನಾಯಿತಿ
- ಆವಿಯ ಮಿತಿ: 3 ಪಿಪಿಎಂ

ಮಿತಿಗಳು ಬಂದ ದಾರಿ

ಬ್ಯಾಟಿನ ನಿಯಮಗಳಲ್ಲಿ ಮುಖ್ಯವಾದವು ಯಾವುದಾದರೊಂದು ಆಘಾತದಿಂದ ಹುಟ್ಟಿದವು. ಮೊದಲ ಆಘಾತ ನಮ್ಮ ನೆಲದಲ್ಲೇ ಆಯಿತು. 1952ರಲ್ಲಿ ಮುಂಬೈಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜಿನ ಬ್ಯಾಟ್ ಹಿಡಿದು ಬಂದರು. ಚೆಂಡು ತಾಗಿದ ಸದ್ದೇ ಎದುರಾಳಿಗೆ ಕೇಳುತ್ತಿರಲಿಲ್ಲ. ಪುರುಷರ ಸಿಂಗಲ್ಸ್ ಪ್ರಶಸ್ತಿ ಅವರದಾಯಿತು. ಏಳು ವರ್ಷಗಳ ವಾದ-ವಿವಾದದ ನಂತರ, 1959ರಲ್ಲಿ, ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ (ಐಟಿಟಿಎಫ್) ಬರೀ ಸ್ಪಂಜನ್ನು ನಿಷೇಧಿಸಿತು. 2 ಮತ್ತು 4 ಮಿ.ಮೀ. ಮಿತಿಗಳು ಆಗ ಬಂದವು.

ಎರಡನೆಯದು ಬಣ್ಣದ ಪಾಠ. 1980ರ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದ ಇಂಗ್ಲೆಂಡಿನ ಜಾನ್ ಹಿಲ್ಟನ್ ಅವರ ಬ್ಯಾಟಿನ ಎರಡು ಬದಿಗಳ ಗುಣ ಪೂರ್ತಿ ಬೇರೆಯಾಗಿತ್ತು. ಎರಡೂ ಬದಿ ಒಂದೇ ಬಣ್ಣವಿರಲು ಆಗ ಅಡ್ಡಿ ಇರಲಿಲ್ಲ. ಬ್ಯಾಟನ್ನು ಬೆರಳಲ್ಲಿ ತಿರುಗಿಸಿ ಹೊಡೆದರೆ ಯಾವ ಬದಿ ತಾಗಿತು ಎಂದು ಎದುರಿನವರಿಗೆ ತಿಳಿಯುತ್ತಿರಲಿಲ್ಲ. 1986ರಿಂದ ಒಂದು ಬದಿ ಕಪ್ಪು, ಇನ್ನೊಂದು ಕೆಂಪು ಕಡ್ಡಾಯವಾಯಿತು. 2021ರ ಅಕ್ಟೋಬರಿನಿಂದ ಕೆಂಪಿನ ಜಾಗದಲ್ಲಿ ಗುಲಾಬಿ, ನೇರಳೆ, ಹಸಿರು, ನೀಲಿಗೂ ಅವಕಾಶವಿದೆ. ಈ ನಿಯಮವನ್ನು ಜಾರಿ ಮಾಡಲು ಒಂದು ರೂಪಾಯಿ ಖರ್ಚಿಲ್ಲ, ಕಣ್ಣಿದ್ದರೆ ಸಾಕು. ಹಾಗಾಗಿಯೇ ಅದನ್ನು ಯಾರೂ ಮುರಿಯುವುದಿಲ್ಲ.

ಮೂರನೆಯದು ಅಂಟು. 1970ರ ದಶಕದಲ್ಲಿ ಯುರೋಪಿನ ಆಟಗಾರರು ಸೈಕಲ್ ಟ್ಯೂಬಿಗೆ ತೇಪೆ ಹಾಕುವ ಅಂಟನ್ನು ಬ್ಯಾಟಿಗೆ ಬಳಸಿದಾಗ ರಬ್ಬರ್ ಹೆಚ್ಚು ಪುಟಿಯುವುದನ್ನು ಕಂಡುಕೊಂಡರು. ಅಂಟಿನಲ್ಲಿದ್ದ ದ್ರಾವಕ ಸ್ಪಂಜಿನ ಸೂಕ್ಷ್ಮ ಗುಳ್ಳೆಗಳೊಳಗೆ ಸೇರಿ ಅದನ್ನು ಉಬ್ಬಿಸುತ್ತಿತ್ತು, ಮೇಲಿನ ರಬ್ಬರ್ ಬಿಗಿಯಾಗುತ್ತಿತ್ತು. ಹಂಗೆರಿಯ ಟಿಬೋರ್ ಕ್ಲಾಂಪರ್ ಮತ್ತು ಯುಗೊಸ್ಲಾವಿಯದ ಡ್ರಾಗುಟಿನ್ ಶುರ್ಬೆಕ್ ಹೆಸರು ಈ ಸ್ಪೀಡ್ ಗ್ಲೂ ಚರಿತ್ರೆಯ ಮೊದಲ ಸಾಲಿನಲ್ಲೇ ಬರುತ್ತದೆ. ದ್ರಾವಕ ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತಿದ್ದುದರಿಂದ ಪ್ರತಿ ಪಂದ್ಯಕ್ಕೂ ಮುನ್ನ ರಬ್ಬರ್ ಕಿತ್ತು ಹೊಸದಾಗಿ ಅಂಟಿಸಬೇಕಿತ್ತು. ಟಾಲುಯೀನ್‌ನಂಥ ದ್ರಾವಕಗಳನ್ನು ಮಕ್ಕಳೂ ದಿನವೂ ಉಸಿರಾಡುತ್ತಿದ್ದರು. ಆರೋಗ್ಯದ ಕಾರಣ ಮುಂದಿಟ್ಟು ಐಟಿಟಿಎಫ್, ಬೀಜಿಂಗ್ ಒಲಿಂಪಿಕ್ಸ್ ಮುಗಿದ ಕೂಡಲೇ, 2008ರ ಸೆಪ್ಟೆಂಬರ್ 1ರಿಂದ ಇಂಥ ಅಂಟನ್ನು ನಿಷೇಧಿಸಿತು. ಆವಿ ಅಳೆಯುವ ಉಪಕರಣ ತಪಾಸಣೆಯಲ್ಲಿ ಅನಿವಾರ್ಯವಾದದ್ದು ಇದರಿಂದ.

ಉಪಕರಣ ಹಿಡಿಯುವುದು, ಬಿಡುವುದು

ದೊಡ್ಡ ಪಂದ್ಯಾವಳಿಗಳಲ್ಲಿ ಬ್ಯಾಟ್ ತಪಾಸಣೆಗೆ ಪ್ರತ್ಯೇಕ ಕೋಣೆ ಇರುತ್ತದೆ. ಅಧಿಕಾರಿ ಮೊದಲು ಬ್ಯಾಟಿನ ಹಿಡಿಯ ಬಳಿ ರಬ್ಬರಿನ ಮೇಲೆ ಅಚ್ಚಾದ ಐಟಿಟಿಎಫ್ ಗುರುತನ್ನೂ ತಯಾರಕರ ಸಂಖ್ಯೆಯನ್ನೂ ನೋಡಿ, ಮಾನ್ಯತೆ ಪಡೆದ ರಬ್ಬರ್‌ಗಳ ಪಟ್ಟಿಯೊಂದಿಗೆ ತಾಳೆ ಹಾಕುತ್ತಾರೆ. ಅಳತೆಗೆರೆ ಇರುವ ಭೂತಗನ್ನಡಿಯನ್ನು ಅಂಚಿಗೆ ಹಿಡಿದು ಮರದಿಂದ ರಬ್ಬರಿನ ಮೇಲ್ಮೈವರೆಗಿನ ದಪ್ಪ ಓದುತ್ತಾರೆ. ಮೇಲ್ಮೈ ಮೇಲೆ ಮಾಪಕ ಇಟ್ಟು ಉಬ್ಬು-ತಗ್ಗು ಪರೀಕ್ಷಿಸುತ್ತಾರೆ. ಕೊನೆಗೆ ಆವಿ ಪರೀಕ್ಷೆ.

ಆವಿ ಅಳೆಯುವ ಉಪಕರಣದೊಳಗೆ ನೇರಳಾತೀತ ದೀಪವಿದೆ. ರಬ್ಬರಿನಿಂದ ಹೊರಟ ಅನಿಲದ ಅಣುಗಳಿಗೆ ಅದರ ಬೆಳಕು ತಾಗಿ ವಿದ್ಯುದಾವೇಶ ಹುಟ್ಟುತ್ತದೆ, ಪರದೆಯ ಮೇಲೆ ಅಂಕಿ ಮೂಡುತ್ತದೆ. ಸ್ಪೀಡ್ ಗ್ಲೂ ಹಿಡಿಯಲು ಇದು ಪಕ್ಕಾ ಸಾಧನ. ಎಷ್ಟು ಸೂಕ್ಷ್ಮವೆಂದರೆ ಹೊಸ ಪೊಟ್ಟಣದ ಪ್ರಾಮಾಣಿಕ ರಬ್ಬರ್ ಕೂಡ ಕೆಲವೊಮ್ಮೆ ಮಿತಿ ದಾಟೀತು. ಅದಕ್ಕೇ ಪೊಟ್ಟಣ ಬಿಚ್ಚಿ 72 ಗಂಟೆ ಗಾಳಿಗೆ ಇಟ್ಟು ಆಮೇಲೆ ಅಂಟಿಸಿ ಎಂದು ಆಟಗಾರರಿಗೆ ಸಲಹೆ ಕೊಡಲಾಗಿದೆ.

ಈ ಉಪಕರಣಕ್ಕೆ ಆವಿಯಾಗದ ವಸ್ತು ಕಾಣುವುದಿಲ್ಲ. ನಿಷೇಧದ ನಂತರ ಚಾಲ್ತಿಗೆ ಬಂದ, ಸ್ಪಂಜನ್ನು ಉಬ್ಬಿಸುವ ಬೂಸ್ಟರ್‌ಗಳಲ್ಲಿ ಹಲವು ಖನಿಜ ತೈಲದ ಜಾತಿಯವು. ಇವುಗಳ ಅಣು ಭಾರ, ಕೋಣೆಯ ತಾಪಮಾನದಲ್ಲಿ ಹೆಚ್ಚುಕಡಿಮೆ ಆರುವುದೇ ಇಲ್ಲ. ಸ್ಪಂಜಿಗೆ ಸವರಿದರೆ ಎಣ್ಣೆ ಒಳಗೇ ಉಳಿಯುತ್ತದೆ. ಉಬ್ಬು ಗಂಟೆಗಳ ಬದಲು ವಾರಗಳ ಕಾಲ ಇರುತ್ತದೆ. ಆವಿಯೇ ಇಲ್ಲದ ಮೇಲೆ ದೀಪ ಏನನ್ನು ಹಿಡಿದೀತು? ಲಕ್ಷ ರೂಪಾಯಿ ಮೀರಿದ ಉಪಕರಣದ ಮುಂದೆ ಎಣ್ಣೆ ಕುಡಿದ ಬ್ಯಾಟು ಸಲೀಸಾಗಿ ಪಾಸಾಗುತ್ತದೆ.

ಹಾಗಾದರೆ ದಪ್ಪದ ಪರೀಕ್ಷೆಯಲ್ಲಿ ಸಿಕ್ಕಿಬೀಳಬಾರದೆ? ಒಂದು ಲೆಕ್ಕ ಹಾಕೋಣ. ಮೇಲಿನ ರಬ್ಬರ್ 1.7 ಮಿ.ಮೀ., ಸ್ಪಂಜು 2.1 ಮಿ.ಮೀ., ಅಂಟು 0.1 ಮಿ.ಮೀ. ಎಂದು ಹಿಡಿದರೆ ಒಟ್ಟು 3.9. ಎಣ್ಣೆಯಿಂದ ಸ್ಪಂಜು ಶೇ 5 ಉಬ್ಬಿದರೆ 0.105 ಸೇರಿ 4.005. ಗೆರೆಯ ಮೇಲೆಯೇ ಬಂದು ನಿಲ್ಲುತ್ತದೆ. ಅದೇ ಆಟಗಾರ 2.0 ಮಿ.ಮೀ. ಸ್ಪಂಜಿನ ಹಾಳೆ ಕೊಂಡಿದ್ದರೆ ಉಬ್ಬಿದ ಮೇಲೂ ಒಟ್ಟು 3.9 ಅಷ್ಟೆ. ಕೂದಲೆಳೆಯಷ್ಟು ತೆಳ್ಳಗಿನ ಹಾಳೆ ಆರಿಸಿಕೊಂಡರೆ ಇಡೀ ದಪ್ಪದ ಪರೀಕ್ಷೆ ನಿಷ್ಫಲ.

ಉಳಿಯುವುದು ಕಣ್ಣಿಗೆ ಕಾಣುವ ಒಂದು ಸುಳಿವು. ಎಣ್ಣೆ ಕುಡಿದ ಹಾಳೆ ಅಗಲಕ್ಕೂ ಬೆಳೆಯುತ್ತದೆ. 157 ಮಿ.ಮೀ. ಉದ್ದದ ಹಾಳೆ ಶೇ 5 ಬೆಳೆದರೆ ಸುಮಾರು 8 ಮಿ.ಮೀ. ಹೆಚ್ಚುತ್ತದೆ. ಅಂಟಿಸಿ, ಬ್ಯಾಟಿನ ಅಂಚಿಗೆ ಸರಿಯಾಗಿ ಕತ್ತರಿಸಿದ ಮೇಲೆ, ಎಣ್ಣೆಯ ಬಲ ಇಳಿದಂತೆ ಹಾಳೆ ಕುಗ್ಗತೊಡಗುತ್ತದೆ. ತುದಿಯಲ್ಲಿ ಬರಿಮರ ಇಣುಕುತ್ತದೆ. ಅಂಚಿನಲ್ಲಿ 2 ಮಿ.ಮೀ. ಹೆಚ್ಚುಕಡಿಮೆಗೆ ವಿನಾಯಿತಿ ಇದೆ, ಅದರಾಚೆ ರೆಫರಿ ಆಕ್ಷೇಪಿಸಬಹುದು. ಆದರೆ ಕುಗ್ಗಿದ ಹಾಳೆಯನ್ನು ಎಸೆದು ಹೊಸದನ್ನು ಹಾಕುವಷ್ಟು ಹಣವಿರುವವರ ಬ್ಯಾಟಿನಲ್ಲಿ ಈ ಸುಳಿವೂ ಸಿಗುವುದಿಲ್ಲ.

ಶೇ 5ರಿಂದ ಆಗುವುದೇನು

ಇಬ್ಬರು ಆಟಗಾರರ ಬ್ಯಾಟುಗಳ ನಡುವೆ 5 ಮೀಟರ್ ದೂರ, ಚೆಂಡಿನ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಎಂದುಕೊಳ್ಳೋಣ. ಗಾಳಿಯ ತಡೆ ಬದಿಗಿಟ್ಟರೆ ಚೆಂಡು 0.250 ಸೆಕೆಂಡಿನಲ್ಲಿ ತಲುಪುತ್ತದೆ. ವೇಗ ಶೇ 5 ಹೆಚ್ಚಿದರೆ 0.238 ಸೆಕೆಂಡ್. ವ್ಯತ್ಯಾಸ 12 ಮಿಲಿಸೆಕೆಂಡ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬೀಸುತ್ತಿರುವ ಕೈ ಆ 12 ಮಿಲಿಸೆಕೆಂಡಿನಲ್ಲಿ 2.4 ಸೆಂ.ಮೀ. ಸಾಗುತ್ತದೆ. ಚೆಂಡಿನ ಅಗಲವೇ 4 ಸೆಂ.ಮೀ. ಬ್ಯಾಟಿನ ನಡುವೆ ತಾಗಬೇಕಾದ ಚೆಂಡು ಅಂಚಿನ ಕಡೆಗೆ ಜಾರಲು ಇಷ್ಟು ಸಾಕು. ಟಾಪ್‌ಸ್ಪಿನ್ ಕೂಡ ಹೆಚ್ಚಿದರೆ ಚೆಂಡು ಪುಟಿಯುವ ಕೋನವೇ ಬದಲಾಗುತ್ತದೆ. ಹನ್ನೊಂದು ಪಾಯಿಂಟಿನ ಗೇಮಿನಲ್ಲಿ ಇಂಥ ಎರಡು ತಪ್ಪು ಗೇಮನ್ನೇ ಕೈತಪ್ಪಿಸಬಲ್ಲವು.

ಜಪಾನಿನ ಜುನ್ ಮಿಜುತಾನಿ ಈ ಮೋಸವನ್ನು ಬಹಿರಂಗವಾಗಿ ಹೇಳಿದ ಧೀಮಂತ. 2012ರ ಲಂಡನ್ ಒಲಿಂಪಿಕ್ಸ್ ನಂತರ, ಬೂಸ್ಟರ್ ಬಳಕೆ ವ್ಯಾಪಕವಾಗಿದ್ದರೂ ತಡೆಯುವವರಿಲ್ಲ ಎಂದು ಪ್ರತಿಭಟಿಸಿ ಅವರು ಕೆಲವು ತಿಂಗಳು ಅಂತರರಾಷ್ಟ್ರೀಯ ಪಂದ್ಯಾವಳಿಗಳಿಂದ ದೂರ ಉಳಿದರು. ವೃತ್ತಿಯ ಉತ್ತುಂಗದಲ್ಲಿದ್ದ ಆಟಗಾರನಿಗೆ ಅದು ರ‍್ಯಾಂಕಿಂಗ್, ಬಹುಮಾನ, ಲಯ ಮೂರನ್ನೂ ಪಣಕ್ಕಿಟ್ಟಂತೆ. ಮರಳಿ ಬಂದು 2016ರ ರಿಯೊದಲ್ಲಿ ಸಿಂಗಲ್ಸ್ ಕಂಚು, ಟೋಕಿಯೊದಲ್ಲಿ ಮಿಮಾ ಇಟೊ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಅವರು ಎತ್ತಿದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಮನೆಯ ಜಮಾ-ಖರ್ಚು

ಈ ಮೋಸವನ್ನು ಬರೀ ದುರಾಸೆ ಎಂದು ತಳ್ಳಿಹಾಕಿದರೆ ಕಾರಣ ಅರ್ಥವಾಗುವುದಿಲ್ಲ. ವಾರಕ್ಕೆ 15 ಗಂಟೆ ಅಭ್ಯಾಸ ಮಾಡುವ ಬೆಂಗಳೂರಿನದೋ ಮೈಸೂರಿನದೋ ಜೂನಿಯರ್ ಆಟಗಾರ್ತಿಯ ಲೆಕ್ಕ ತೆಗೆದುಕೊಳ್ಳಿ. ಒಂದು ರಬ್ಬರ್ 90 ಗಂಟೆ ಬಾಳಿತು ಎಂದರೆ ಆರು ವಾರಕ್ಕೊಮ್ಮೆ ಬದಲಿಸಬೇಕು. ವರ್ಷದಲ್ಲಿ 48 ವಾರ ಆಟವಾದರೆ 8 ಸಲ, ಎರಡು ಬದಿಗೂ ಸೇರಿ 16 ಹಾಳೆ. ದುಬಾರಿ ಹಾಳೆಗೆ 5,000 ರೂಪಾಯಿ, ಅಗ್ಗದ್ದಕ್ಕೆ 2,000 ಎಂದು ದುಂಡು ಅಂಕಿ ಹಿಡಿಯೋಣ.

- ದುಬಾರಿ ಹಾಳೆ: 16 × 5,000 = 80,000 ರೂಪಾಯಿ
- ಅಗ್ಗದ ಹಾಳೆ: 16 × 2,000 = 32,000 ರೂಪಾಯಿ
- ವ್ಯತ್ಯಾಸ: 48,000 ರೂಪಾಯಿ

ದುಬಾರಿ ಹಾಳೆಗಳಲ್ಲಿ ಹಲವಕ್ಕೆ ಪುಟಿತ ಕಾರ್ಖಾನೆಯಲ್ಲೇ ತುಂಬಿ ಬರುತ್ತದೆ. ಸ್ಪೀಡ್ ಗ್ಲೂ ಹೋದ 2008ರಲ್ಲೇ ಮಾರುಕಟ್ಟೆಗೆ ಬಂದ ಬಟರ್‌ಫ್ಲೈ ಕಂಪನಿಯ ಟೆನರ್ಜಿ ಇಂಥ ರಬ್ಬರ್‌ಗಳಲ್ಲಿ ಪ್ರಸಿದ್ಧ. ಅದು ಪೂರ್ತಿ ನಿಯಮಬದ್ಧ. ಗಡಸು ಸ್ಪಂಜಿನ ಅಗ್ಗದ ಹಾಳೆಗೆ ಎಣ್ಣೆ ಸವರಿದವರು ಅದೇ ಪುಟಿತವನ್ನು ಕಡಿಮೆ ಹಣಕ್ಕೆ ಪಡೆಯಲು ನೋಡುತ್ತಾರೆ. 48,000 ರೂಪಾಯಿ ಒಂದು ಮಧ್ಯಮ ವರ್ಗದ ಮನೆಗೆ ಎಂಥ ಆಮಿಷ ಎಂದು ವಿವರಿಸಬೇಕಿಲ್ಲ. ಆ ಆಮಿಷಕ್ಕೆ ಬಗ್ಗದ ತಂದೆ-ತಾಯಿ ಇದ್ದಾರೆ. ಅವರ ಮಗಳ ಮುಂದೆ ಎರಡೇ ದಾರಿ: 48,000 ರೂಪಾಯಿ ಹೆಚ್ಚು ಕೊಡುವುದು, ಇಲ್ಲವೇ ಆ 12 ಮಿಲಿಸೆಕೆಂಡ್ ಬಿಟ್ಟುಕೊಡುವುದು.

ಶಿಕ್ಷೆಯ ಪ್ರಮಾಣ

ಪಂದ್ಯಕ್ಕೆ ಮುಂಚೆ ಸ್ವಇಚ್ಛೆಯಿಂದ ಬ್ಯಾಟ್ ಪರೀಕ್ಷೆ ಮಾಡಿಸಿಕೊಳ್ಳಬಹುದು, ಫೇಲಾದರೂ ದಂಡವಿಲ್ಲ. ಇದು ಒಳ್ಳೆಯ ವ್ಯವಸ್ಥೆ. ಪಂದ್ಯದ ಮುನ್ನಿನ ತಪಾಸಣೆಯಲ್ಲಿ ಫೇಲಾದರೆ ಎರಡನೇ ಬ್ಯಾಟ್ ತರಬಹುದು. ಪಂದ್ಯದ ನಂತರದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡಕ್ಕೆ ಗುರಿಯಾಗಬೇಕು. ನಾಲ್ಕು ವರ್ಷಗಳಲ್ಲಿ ನಾಲ್ಕು ಸಲ ಫೇಲಾದವರಿಗೆ 12 ತಿಂಗಳ ಅಮಾನತು.

ಇದನ್ನೇ ತಿರುಗಿಸಿ ಓದಿದರೆ, ನಾಲ್ಕು ವರ್ಷದಲ್ಲಿ ಮೂರು ಸಲ ಫೇಲಾದವರಿಗೆ ಈ ಅಮಾನತು ಇಲ್ಲ. ಫೇಲಾಗುವುದೂ ಉಪಕರಣ ಅಳೆಯಬಲ್ಲ ವಿಷಯದಲ್ಲಿ ಮಾತ್ರ. ಪೊಟ್ಟಣ ಬಿಚ್ಚಿದ ಮರುದಿನವೇ ಅಂಟಿಸಿದ ಅಮಾಯಕರು ಸಿಕ್ಕಿಬೀಳಬಹುದು, ಎಣ್ಣೆ ಸವರಿದವರು ತಪ್ಪಿಸಿಕೊಳ್ಳಬಹುದು. ಜಿಲ್ಲಾ ಮಟ್ಟದ ಪಂದ್ಯಗಳಲ್ಲಂತೂ ಅಂಪೈರ್ ಬಳಿ ಇರುವುದು ಬಹುತೇಕ ಕಣ್ಣು ಮತ್ತು ಬೆರಳು ಅಷ್ಟೆ.

ಅಳೆಯಬಹುದಾದ ಮೂರು ಕೆಲಸ

ಮೊದಲನೆಯದು, ರಬ್ಬರಿನ ಗಡಸುತನ. ಎಣ್ಣೆ ಕುಡಿದ ಸ್ಪಂಜು ಮೆತ್ತಗಾಗುತ್ತದೆ. ಅದನ್ನು ಒತ್ತಿ ನೋಡುವ ಮಾಪಕ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಆವಿ ಉಪಕರಣಕ್ಕಿಂತ ಎಷ್ಟೋ ಅಗ್ಗ. ಇವತ್ತು ಚೀನಾ, ಜಪಾನ್, ಜರ್ಮನಿಯ ತಯಾರಕರು ಬೇರೆ ಬೇರೆ ಮಾಪನದಲ್ಲಿ ಡಿಗ್ರಿ ನಮೂದಿಸುತ್ತಾರೆ. ಐಟಿಟಿಎಫ್ ಒಂದೇ ಮಾಪನ ಕಡ್ಡಾಯ ಮಾಡಲಿ.

ಎರಡನೆಯದು, ಆ ಅಂಕಿಯೂ ಸ್ಪಂಜಿನ ಮೂಲ ದಪ್ಪವೂ ಹಾಳೆಯ ಮೇಲೇ, ಗುರುತಿನ ಪಕ್ಕದಲ್ಲಿ ಅಚ್ಚಾಗಲಿ. ಆಗ 2.0 ಎಂದು ಅಚ್ಚಾದ ಸ್ಪಂಜು 2.1 ತೋರಿಸಿದರೆ, ಒಟ್ಟು ದಪ್ಪ 4 ಮಿ.ಮೀ. ಒಳಗಿದ್ದರೂ ಪ್ರಶ್ನೆ ಕೇಳಬಹುದು. ತಯಾರಿಕೆಯಲ್ಲಿ ಸಹಜವಾಗಿ ಬರುವ ಏರುಪೇರಿಗೆ ವಿನಾಯಿತಿ ಇರಬೇಕು. ಆ ವಿನಾಯಿತಿಯನ್ನೂ ಅಂಕಿಯಲ್ಲೇ ಪ್ರಕಟಿಸಬೇಕು.

ಮೂರನೆಯದು, ಜೂನಿಯರ್ ಮಟ್ಟದಲ್ಲಿ ರಬ್ಬರಿನ ಬೆಲೆಗೆ ಸಹಾಯಧನ. ಮೇಲಿನ ಲೆಕ್ಕದ 48,000 ರೂಪಾಯಿಯಲ್ಲಿ ಅರ್ಧವನ್ನು ರಾಜ್ಯ ಸಂಸ್ಥೆಗಳು ಭರಿಸಿದರೂ 50 ಮಕ್ಕಳಿಗೆ ವರ್ಷಕ್ಕೆ 12 ಲಕ್ಷ ರೂಪಾಯಿ ಸಾಕು. ಹಣವಿಲ್ಲ ಎಂಬ ಕಾರಣಕ್ಕೆ ಮೋಸದ ದಾರಿ ಹಿಡಿಯಬೇಕಾದ ಸ್ಥಿತಿ ಯಾವ ಮಗುವಿಗೂ ಬರಬಾರದು.

ಇವನ್ನು ಮಾಡಲು ಮನಸ್ಸಿಲ್ಲದಿದ್ದರೆ ಪ್ರಾಮಾಣಿಕ ದಾರಿ ಇನ್ನೊಂದಿದೆ: ವಿಷವಲ್ಲದ ಎಣ್ಣೆಗೆ 4 ಮಿ.ಮೀ. ಮಿತಿಯೊಳಗೆ ಬಹಿರಂಗವಾಗಿ ಅನುಮತಿ ಕೊಡುವುದು. ಆಗ ಕನಿಷ್ಠ ಎಲ್ಲರ ಬ್ಯಾಟೂ ಒಂದೇ ನಿಯಮದಡಿ ಇರುತ್ತದೆ. ನನ್ನ ಮತ ಅಳತೆಯ ಪರ, ಏಕೆಂದರೆ ಕೈಚಳಕದ ಆಟದಲ್ಲಿ ಬಾಟಲಿಯ ಪಾತ್ರ ಕಡಿಮೆಯಾದಷ್ಟೂ ಒಳ್ಳೆಯದು. ನಿಯಮಪುಸ್ತಕದಲ್ಲಿ ಸೊನ್ನೆ ಎಂದು ಬರೆದು ತಪಾಸಣೆಯಲ್ಲಿ ಅದನ್ನು ಕೈಬಿಡುವ ಈಗಿನ ಸ್ಥಿತಿ, ನಿಯಮ ಪಾಲಿಸಿದವರನ್ನೇ ಸೋಲಿಸುತ್ತದೆ. ಅದು ಮೊದಲು ನಿಲ್ಲಬೇಕು.